ಲಾಂಛನ ಮರುರಚನೆ: ಫಾಂಟ್ ಪತ್ತೆಯೇ ಮೊದಲ ಮೆಟ್ಟಿಲು

ಜಗತ್ತಿನಲ್ಲಿ ಅತಿ ಹೆಚ್ಚು ಜನರು ನೋಡುವ ಅಂತರ್ಜಾಲ ತಾಣಗಳ ಪೈಕಿ ಒಂದಾದ ವಿಕಿಪೀಡಿಯದ ಲಾಂಛನದಲ್ಲಿ ಎರಡು ಅಕ್ಷರಗಳು ಏಳು ವರ್ಷಗಳ ಕಾಲ ತಪ್ಪಾಗಿಯೇ ಉಳಿದಿದ್ದವು. 2003ರಲ್ಲಿ ಬಳಕೆಗೆ ಬಂದ ಆ ಲಾಂಛನ, ಒಗಟಿನ ತುಂಡುಗಳನ್ನು ಜೋಡಿಸಿ ಮಾಡಿದ ಅಪೂರ್ಣ ಗೋಳ. ಪ್ರತಿ ತುಂಡಿನ ಮೇಲೂ ಒಂದೊಂದು ಲಿಪಿಯ ಅಕ್ಷರ. ಅವುಗಳಲ್ಲಿ ದೇವನಾಗರಿಯ ಒಂದು ಹಾಗೂ ಜಪಾನಿಯ ಒಂದು ಅಕ್ಷರ ಅಶುದ್ಧವಾಗಿದ್ದವು. 2007ರ ಜೂನ್‌ನಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆ ಈ ತಪ್ಪನ್ನೇ ಸುದ್ದಿ ಮಾಡಿತು. ಆದರೂ ತಿದ್ದುಪಡಿ ಆದದ್ದು 2010ರ ಮೇ ತಿಂಗಳಲ್ಲಿ, ಇಡೀ ಲಾಂಛನವನ್ನು ಹೊಸದಾಗಿ ರಚಿಸಿದಾಗ.

ಅದೇ ಗೋಳದ ಮೇಲೆ ಕನ್ನಡದ ‘ವಿ’ ಅಕ್ಷರವೂ ಇದೆ. 2003ರ ಜೂನ್‌ನಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ ಮತ್ತು 2016ರ ಆಗಸ್ಟ್‌ನಲ್ಲಿ ಪೂರ್ಣ ಪ್ರಮಾಣದಲ್ಲಿ ಆರಂಭವಾದ ತುಳು ವಿಕಿಪೀಡಿಯ ಎರಡೂ ಗೋಳದ ಕೆಳಗೆ ತಮ್ಮ ಹೆಸರನ್ನು ಕನ್ನಡ ಲಿಪಿಯಲ್ಲಿಯೇ ಬರೆದುಕೊಳ್ಳುತ್ತವೆ. ಹೀಗಾಗಿ, ತಂತ್ರಾಂಶ ಯೋಜನೆಯೊಂದರ ಲಾಂಛನವನ್ನು ಮರುರಚಿಸುವಾಗ ಯಾವ ಅಕ್ಷರವಿನ್ಯಾಸ ಬಳಸಬೇಕು, ಅದು ಸರಿಯಾಗಿ ಮೂಡಿದೆಯೇ ಎಂದು ಪರಿಶೀಲಿಸುವವರು ಯಾರು ಎಂಬ ಪ್ರಶ್ನೆ ಕನ್ನಡಿಗರಿಗೂ ಸಂಬಂಧಿಸಿದ್ದೇ ಆಗಿದೆ.

ಚುಕ್ಕೆಯ ಚಿತ್ರ, ಗೆರೆಯ ಚಿತ್ರ

ಗಣಕದಲ್ಲಿ ಚಿತ್ರವನ್ನು ಉಳಿಸಿಡುವ ಕ್ರಮ ಮುಖ್ಯವಾಗಿ ಎರಡು ಬಗೆಯದು. ಮೊದಲನೆಯದು ಬಿಟ್‌ಮ್ಯಾಪ್. ಇಲ್ಲಿ ಚಿತ್ರವೆಂದರೆ ಸಾಲುಸಾಲಾಗಿ ಜೋಡಿಸಿದ ಬಣ್ಣದ ಚುಕ್ಕೆಗಳು. ಎರಡನೆಯದು ವೆಕ್ಟರ್. ಇಲ್ಲಿ ಚುಕ್ಕೆಗಳಿಲ್ಲ, ಗೆರೆ ಎಲ್ಲಿ ಆರಂಭವಾಗಿ, ಎಷ್ಟು ಬಾಗಿ, ಎಲ್ಲಿ ಮುಗಿಯುತ್ತದೆ ಎಂಬ ಲೆಕ್ಕವನ್ನು ಮಾತ್ರ ಬರೆದಿಡಲಾಗುತ್ತದೆ. ಚಿತ್ರ ತೋರಿಸಬೇಕಾದಾಗಲೆಲ್ಲ ಗಣಕವು ಆ ಲೆಕ್ಕದಂತೆ ಗೆರೆಯನ್ನು ಹೊಸದಾಗಿ ಎಳೆಯುತ್ತದೆ. ಆದಕಾರಣ ಎಷ್ಟು ದೊಡ್ಡದು ಮಾಡಿದರೂ ಅಂಚು ಒಡೆಯುವುದಿಲ್ಲ. ಅಂತರ್ಜಾಲದಲ್ಲಿ ಬಳಸುವ ಎಸ್‌ವಿಜಿ ಎಂಬ ವೆಕ್ಟರ್ ಮಾದರಿಗೆ ಡಬ್ಲ್ಯು3ಸಿ ಸಂಸ್ಥೆ 2001ರ ಸೆಪ್ಟೆಂಬರ್‌ನಲ್ಲಿ ಅಧಿಕೃತ ಮನ್ನಣೆ ನೀಡಿತು.

ಎರಡರ ವ್ಯತ್ಯಾಸ ಒಂದು ಲೆಕ್ಕದಿಂದ ಸ್ಪಷ್ಟವಾಗುತ್ತದೆ. ವಿಕಿಪೀಡಿಯ ಪುಟಗಳ ಮೂಲೆಯಲ್ಲಿ ಬಹುಕಾಲ ಕಾಣುತ್ತಿದ್ದ ಲಾಂಛನದ ಅಳತೆ 135 ಚುಕ್ಕೆ ಅಗಲ, 155 ಚುಕ್ಕೆ ಎತ್ತರ. ಅದನ್ನು ಆರು ಅಡಿ ಅಗಲದ ಫ್ಲೆಕ್ಸ್ ಫಲಕಕ್ಕೆ ಹಿಗ್ಗಿಸಿದರೆ ಒಂದೊಂದು ಚುಕ್ಕೆಯೂ ಅರ್ಧ ಇಂಚಿಗಿಂತ ದೊಡ್ಡ ಚೌಕವಾಗುತ್ತದೆ. ‘ವಿಕಿಪೀಡಿಯ’ ಎಂಬ ಐದಕ್ಷರದ ಹೆಸರನ್ನು ಅದೇ 135 ಚುಕ್ಕೆಗಳ ಅಗಲದಲ್ಲಿ ಕೂರಿಸಿದರೆ ಒಂದು ಅಕ್ಷರಕ್ಕೆ ಹೆಚ್ಚೆಂದರೆ 27 ಚುಕ್ಕೆ ದಕ್ಕುತ್ತದೆ. ಗುಡಿಸಿನ ಸುರುಳಿ, ದೀರ್ಘದ ಕೊಂಡಿ, ‘ಯ’ಕಾರದ ಬಳುಕು ಎಲ್ಲವೂ ಅಷ್ಟರಲ್ಲೇ ಮುಗಿಯಬೇಕು.

ಹಳೆಯ ತಂತ್ರಾಂಶ, ಸಂಘಸಂಸ್ಥೆ, ಪತ್ರಿಕೆಗಳ ಲಾಂಛನಗಳಿಗೆ ಇದೇ ಸಂಕಷ್ಟ. ಮೂಲ ವಿನ್ಯಾಸದ ಕಡತ ಕಳೆದುಹೋಗಿ, ಅಂಚೆಚೀಟಿಯಷ್ಟು ಸಣ್ಣ ಚಿತ್ರವೊಂದು ಮಾತ್ರ ಉಳಿದಿರುತ್ತದೆ. ಅದನ್ನು ದೊಡ್ಡದಾಗಿ ಮುದ್ರಿಸಬೇಕೆಂದರೆ ವೆಕ್ಟರ್ ರೂಪದಲ್ಲಿ ಮರುರಚಿಸದೆ ಬೇರೆ ದಾರಿ ಇಲ್ಲ.

ತಾನಾಗಿ ಗೆರೆ ಎಳೆಯುವ ಸಾಧನ ಸಾಲದೇ?

ಬಿಟ್‌ಮ್ಯಾಪ್ ಚಿತ್ರವನ್ನು ಗಣಕದಿಂದಲೇ ವೆಕ್ಟರ್ ಆಗಿ ಪರಿವರ್ತಿಸುವ ಸಾಧನಗಳು ಇವೆ. ಪೀಟರ್ ಸೆಲಿಂಗರ್ ರಚಿಸಿದ ‘ಪೋಟ್ರೇಸ್’ ಎಂಬ ಮುಕ್ತ ತಂತ್ರಾಂಶ ಇವುಗಳಲ್ಲಿ ಪ್ರಸಿದ್ಧ. 2003ರಲ್ಲಿ ಹುಟ್ಟಿದ ‘ಇಂಕ್‌ಸ್ಕೇಪ್’ ಎಂಬ ಮುಕ್ತ ಚಿತ್ರರಚನಾ ತಂತ್ರಾಂಶದಲ್ಲಿಯೂ ಇದು ಅಡಕವಾಗಿದೆ. ದೊಡ್ಡದಾದ, ಸ್ಪಷ್ಟವಾದ ಚಿತ್ರವಿದ್ದರೆ ಇದರಿಂದ ಉತ್ತಮ ಫಲಿತಾಂಶವೇ ದೊರೆಯುತ್ತದೆ.

ತೊಂದರೆ ಇರುವುದು ಸಣ್ಣ ಚಿತ್ರಗಳಲ್ಲಿ. ಸಾಧನಕ್ಕೆ ಕಾಣುವುದು ಕಪ್ಪು ಮತ್ತು ಬಿಳಿಯ ಗಡಿ ಮಾತ್ರ. ಅದು ಅಕ್ಷರ ಎಂಬ ಅರಿವು ಅದಕ್ಕಿಲ್ಲ. ಕನ್ನಡದಲ್ಲಿ ‘ದ’ ಮತ್ತು ‘ಧ’ ನಡುವಿನ ಭೇದ ಕೆಳಗಿನ ಒಂದು ಸಣ್ಣ ಸೀಳು. ‘ಡ’ ಮತ್ತು ‘ಢ’ ನಡುವೆಯೂ ಅಷ್ಟೇ. ‘ಥ’ ಮತ್ತು ‘ಠ’ ಅಕ್ಷರಗಳ ಒಡಲಲ್ಲಿ ಒಂದು ಬೊಟ್ಟು ಇರುತ್ತದೆ. ಇಪ್ಪತ್ತೇಳು ಚುಕ್ಕೆಗಳ ಅಗಲದಲ್ಲಿ ಆ ಸೀಳು ಮುಚ್ಚಿಹೋಗಿರಬಹುದು, ಬೊಟ್ಟು ಪಕ್ಕದ ಗೆರೆಗೆ ಅಂಟಿಕೊಂಡಿರಬಹುದು. ಸಾಧನ ಅದನ್ನೇ ಅಚ್ಚುಕಟ್ಟಾದ ಗೆರೆಯಾಗಿ ಎಳೆದುಕೊಟ್ಟರೆ ಮಹಾಪ್ರಾಣ ಅಲ್ಪಪ್ರಾಣವಾಗುತ್ತದೆ. ಒತ್ತಕ್ಷರವಂತೂ ಕೆಳಗೆ ಅಂಟಿದ ಮುದ್ದೆಯಂತೆ ಕಾಣುತ್ತದೆ.

ಆದ್ದರಿಂದ ಅನುಭವಿ ವಿನ್ಯಾಸಕಾರರು ಲಾಂಛನದ ಚಿತ್ರಭಾಗ ಮತ್ತು ಅಕ್ಷರಭಾಗವನ್ನು ಬೇರ್ಪಡಿಸುತ್ತಾರೆ. ಚಿತ್ರಭಾಗವನ್ನು ಕೈಯಿಂದ ಮತ್ತೆ ಎಳೆಯುತ್ತಾರೆ. ಅಕ್ಷರಭಾಗಕ್ಕೆ ಮೂಲದಲ್ಲಿ ಬಳಸಿದ ಫಾಂಟ್ ಯಾವುದೆಂದು ಪತ್ತೆಹಚ್ಚಿ, ಅದೇ ಫಾಂಟ್‌ನಲ್ಲಿ ಹೆಸರನ್ನು ಹೊಸದಾಗಿ ಜೋಡಿಸುತ್ತಾರೆ. ಫಾಂಟ್ ಎಂಬುದೇ ವೆಕ್ಟರ್ ಗೆರೆಗಳ ಸಂಗ್ರಹವಾದ ಕಾರಣ, ಫಾಂಟ್ ಸಿಕ್ಕಿದರೆ ವಿನ್ಯಾಸಕಾರ ಉದ್ದೇಶಿಸಿದ ಗೆರೆಯೇ ಸಿಕ್ಕಿದಂತೆ.

2010ರ ಪಾಠ

ವಿಕಿಪೀಡಿಯದ ಪ್ರಸಂಗದಲ್ಲಿ ಫಾಂಟ್ ಯಾವುದೆಂಬುದು ತಿಳಿದಿತ್ತು. ಹೆಸರನ್ನು ಜೋಡಿಸಿದ್ದು ಜೊನಾಥನ್ ಹೋಫ್ಲರ್ 1991ರಲ್ಲಿ ಆಪಲ್ ಕಂಪನಿಗಾಗಿ ವಿನ್ಯಾಸಗೊಳಿಸಿದ ‘ಹೋಫ್ಲರ್ ಟೆಕ್ಸ್ಟ್’ ಎಂಬ ಫಾಂಟ್‌ನಲ್ಲಿ. ಆದರೆ ಅದು ಖಾಸಗಿ ಪರವಾನಗಿಗೆ ಒಳಪಟ್ಟದ್ದು. ನೂರಾರು ಭಾಷೆಗಳ ಸ್ವಯಂಸೇವಕರು ಸೇರಿ ಕಟ್ಟಿದ ಯೋಜನೆಗೆ ಎಲ್ಲರೂ ಪಡೆದು ಬಳಸಬಹುದಾದ ಫಾಂಟ್ ಬೇಕಿತ್ತು. 2010ರ ಮರುರಚನೆಯಲ್ಲಿ ‘ಲಿನಕ್ಸ್ ಲಿಬರ್ಟೈನ್’ ಎಂಬ ಮುಕ್ತ ಫಾಂಟ್ ಆಯ್ಕೆಯಾಯಿತು. ಇದು ಫಿಲಿಪ್ ಪೋಲ್ 2003ರಲ್ಲಿ ಆರಂಭಿಸಿದ ಯೋಜನೆ.

ಆದರೆ ಹಳೆಯ ಲಾಂಛನದ ಡಬ್ಲ್ಯು ಅಕ್ಷರಕ್ಕೆ ಒಂದು ವಿಶೇಷವಿತ್ತು. ಎರಡು ವಿ ಆಕಾರಗಳು ಮಧ್ಯದಲ್ಲಿ ಒಂದನ್ನೊಂದು ಹಾಯ್ದು ಹೋಗುವಂತಹ ರಚನೆ ಅದು. ಜನರು ಲಾಂಛನವನ್ನು ಗುರುತಿಸುತ್ತಿದ್ದುದೇ ಆ ಅಕ್ಷರದಿಂದ. ಹೊಸ ಫಾಂಟ್‌ನಲ್ಲಿ ಅಂತಹ ಡಬ್ಲ್ಯು ಪರ್ಯಾಯ ರೂಪವಾಗಿ ಸೇರ್ಪಡೆಯಾಯಿತು. ಫಾಂಟ್ ಮುಕ್ತವಾಗಿದ್ದುದರಿಂದಲೇ ಇದು ಸಾಧ್ಯವಾಯಿತು ಎಂಬುದು ಗಮನಾರ್ಹ.

ದೇವನಾಗರಿ ಅಕ್ಷರದ ತಪ್ಪಿಗೆ ಬಂದರೆ, ಅದು ಭಾರತೀಯ ಲಿಪಿಗಳ ಸ್ವಭಾವಕ್ಕೆ ಸಂಬಂಧಿಸಿದ್ದು. ದೇವನಾಗರಿಯಲ್ಲಿ ಹ್ರಸ್ವ ‘ಇ’ಕಾರದ ಚಿಹ್ನೆಯನ್ನು ವ್ಯಂಜನದ ನಂತರ ಉಚ್ಚರಿಸುತ್ತೇವೆ, ಗಣಕದಲ್ಲಿಯೂ ನಂತರವೇ ದಾಖಲಾಗುತ್ತದೆ, ಆದರೆ ಬರಹದಲ್ಲಿ ಅದು ವ್ಯಂಜನದ ಎಡಕ್ಕೆ ಕೂರಬೇಕು. ಈ ಸ್ಥಾನಪಲ್ಲಟ ಮಾಡುವ ಸಾಮರ್ಥ್ಯ ತಂತ್ರಾಂಶಕ್ಕೆ ಇಲ್ಲದಿದ್ದರೆ ಅಕ್ಷರ ಕೆಡುತ್ತದೆ. ಕನ್ನಡದಲ್ಲಿ ಸಮಸ್ಯೆಯ ಸ್ವರೂಪ ಬೇರೆ. ‘ವ’ ಮತ್ತು ಗುಡಿಸು ಪಕ್ಕಪಕ್ಕ ನಿಂತರೆ ‘ವಿ’ ಆಗುವುದಿಲ್ಲ; ತಲೆಕಟ್ಟು ಹೋಗಿ ಅದರ ಜಾಗದಲ್ಲಿ ಗುಡಿಸು ಮೂಡಿ, ಎರಡೂ ಸೇರಿ ಒಂದೇ ರೂಪವಾಗಬೇಕು. ಲಿಪಿ ಬಲ್ಲವರ ಕಣ್ಣಿಗೆ ಬೀಳದೆ ಪ್ರಕಟವಾದ ಲಾಂಛನದಲ್ಲಿ ಇಂತಹ ತಪ್ಪು ವರ್ಷಗಟ್ಟಲೆ ಉಳಿಯಬಲ್ಲದು.

ಕನ್ನಡ ಫಾಂಟ್ ಪತ್ತೆ ಹೇಗೆ?

ಚಿತ್ರವನ್ನು ನೀಡಿದರೆ ಫಾಂಟ್‌ನ ಹೆಸರು ಹೇಳುವ ಸೇವೆಗಳು ಅಂತರ್ಜಾಲದಲ್ಲಿ ಹಲವು ಇವೆ. ‘ವಾಟ್‌ದಫಾಂಟ್’ ಅವುಗಳಲ್ಲಿ ಒಂದು. ಆದರೆ ಇವು ಮುಖ್ಯವಾಗಿ ಇಂಗ್ಲಿಷ್ ಬಳಸುವ ಲ್ಯಾಟಿನ್ ಲಿಪಿಯನ್ನು ಗಮನದಲ್ಲಿಟ್ಟುಕೊಂಡು ರೂಪುಗೊಂಡವು. ಕನ್ನಡಕ್ಕೆ ಬಂದರೆ ಬಲ್ಲವರ ಕಣ್ಣೇ ಹೆಚ್ಚು ನಂಬಿಕೆಗೆ ಅರ್ಹ. ನೋಡಬೇಕಾದ ಲಕ್ಷಣಗಳು ಇವು.

ಮೊದಲನೆಯದು ತಲೆಕಟ್ಟು. ಅದು ನೇರ ಗೆರೆಯೇ, ತುದಿಯಲ್ಲಿ ಬಾಗಿದೆಯೇ, ಅಕ್ಷರದ ಒಡಲಿಗೆ ಎಲ್ಲಿ ಕೂಡುತ್ತದೆ ಎಂಬುದನ್ನು ಗಮನಿಸಬೇಕು. ಎರಡನೆಯದು ಗೆರೆಯ ದಪ್ಪ. ಅಕ್ಷರದುದ್ದಕ್ಕೂ ಒಂದೇ ದಪ್ಪವಿದ್ದರೆ ಅದು ಒಂದು ಬಗೆಯ ಫಾಂಟ್. ಲೇಖನಿಯಿಂದ ಬರೆದಂತೆ ದಪ್ಪ-ತೆಳುವು ಬದಲಾಗುತ್ತಿದ್ದರೆ ಇನ್ನೊಂದು ಬಗೆ. ‘ನೋಟೋ ಸ್ಯಾನ್ಸ್ ಕನ್ನಡ’ ಮತ್ತು ‘ನೋಟೋ ಸೆರಿಫ್ ಕನ್ನಡ’ ಫಾಂಟ್‌ಗಳನ್ನು ಪಕ್ಕಪಕ್ಕ ಇಟ್ಟರೆ ಈ ಭೇದ ಕೂಡಲೇ ತಿಳಿಯುತ್ತದೆ. ಮೂರನೆಯದು ಗುಡಿಸಿನ ಸುರುಳಿ ಎಷ್ಟು ದೊಡ್ಡದು, ದೀರ್ಘದ ಕೊಂಡಿ ಎಷ್ಟು ದೂರದಲ್ಲಿದೆ ಎಂಬುದು. ‘ವಿಕಿಪೀಡಿಯ’ದ ಐದು ಅಕ್ಷರಗಳಲ್ಲಿ ನಾಲ್ಕಕ್ಕೆ ಗುಡಿಸು ಇರುವುದರಿಂದ ಆ ಹೆಸರಿನಲ್ಲಿ ಇದೇ ದೊಡ್ಡ ಸುಳಿವು.

ನಾಲ್ಕನೆಯ ಮತ್ತು ಅತಿ ಮುಖ್ಯವಾದ ಲಕ್ಷಣ ಒತ್ತಕ್ಷರ. ಇದನ್ನು ಪರೀಕ್ಷಿಸಲು ಕೆಮ್ಮಣ್ಣುಗುಂಡಿ ಬಳಿಯ ಜಲಪಾತದ ಹೆಸರಾದ ‘ಹೆಬ್ಬೆ’ ಒಂದೇ ಪದ ಸಾಕು. ಕಣ್ಣಿಗೆ ಕಾಣುವುದು ಎರಡೇ ಅಕ್ಷರ. ಯುನಿಕೋಡ್ ಪದ್ಧತಿಯಲ್ಲಿ ಗಣಕ ದಾಖಲಿಸಿಕೊಳ್ಳುವುದು ಆರು ಸಂಕೇತ: ಹಕಾರ, ಎತ್ವ, ಬಕಾರ, ಹಲಂತ, ಮತ್ತೊಂದು ಬಕಾರ, ಮತ್ತೊಂದು ಎತ್ವ. ಹಲಂತದ ನಂತರದ ಬಕಾರವು ಒತ್ತಾಗಿ ಕೆಳಗಿಳಿಯಬೇಕು. ಕೊನೆಯ ಎತ್ವವು ಆ ಒತ್ತನ್ನು ದಾಟಿ ಮೇಲಿನ ಬಕಾರದ ತಲೆಯ ಮೇಲೆ ಕೂರಬೇಕು. ‘ಹ’ಕಾರಕ್ಕೆ ತಲೆಕಟ್ಟು ಇದೆ, ‘ಬ’ಕಾರಕ್ಕೆ ಇಲ್ಲ. ಹೀಗಾಗಿ ಒಂದೇ ಎತ್ವವು ಎರಡು ಬಗೆಯ ಅಕ್ಷರಗಳಿಗೆ ಹೇಗೆ ಅಂಟುತ್ತದೆ ಎಂಬುದೂ ಈ ಪದದಲ್ಲಿ ಬಯಲಾಗುತ್ತದೆ. ಒತ್ತಿನ ಗಾತ್ರ, ಅದು ಬಲಕ್ಕೆ ಎಷ್ಟು ಸರಿದಿದೆ, ಮೇಲಿನ ಅಕ್ಷರಕ್ಕೆ ತಾಗುತ್ತದೆಯೇ ಎಂಬ ಅಂಶಗಳು ಫಾಂಟ್‌ನಿಂದ ಫಾಂಟ್‌ಗೆ ಬೇರೆಯಾಗುತ್ತವೆ.

‘ಅಜ್ಜಂಪುರ’ದ ಜಕಾರದ ಒತ್ತು ಮತ್ತು ಸೊನ್ನೆ, ‘ಲಕ್ಕವಳ್ಳಿ’ಯ ಎರಡು ಒತ್ತು, ‘ಕಡೂರು’ ಪದದ ಕೊಂಬು ಮತ್ತು ಅದರ ದೀರ್ಘ ಕೂಡ ಇದೇ ರೀತಿ ಉಪಯುಕ್ತ. ‘ಕರ್ನಾಟಕ’ ಎಂದು ಬರೆದರೆ ಅರ್ಕಾವತ್ತಿನ ಆಕಾರವೂ ತಿಳಿಯುತ್ತದೆ. ಶಂಕಿತ ಫಾಂಟ್‌ಗಳಲ್ಲಿ ಮೊದಲು ಲಾಂಛನದ ಹೆಸರನ್ನೂ, ಬಳಿಕ ಇಂತಹ ಪದಗಳನ್ನೂ ಬರೆದು ನೋಡಿದರೆ ಆಯ್ಕೆ ಎರಡು ಮೂರಕ್ಕೆ ಇಳಿಯುತ್ತದೆ.

ಕಾಲದ ಸುಳಿವು

ಲಾಂಛನ ಯಾವ ವರ್ಷದ್ದು ಎಂಬುದು ಗೊತ್ತಿದ್ದರೆ ಹುಡುಕಾಟ ಸುಲಭ. ಶೇಷಾದ್ರಿವಾಸು ಚಂದ್ರಶೇಖರನ್ ಅವರ ‘ಬರಹ’ ತಂತ್ರಾಂಶ 1998ರಲ್ಲಿ ಬಂತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಆ ಬಳಿಕ, 2000ರ ದಶಕದ ಆರಂಭದಲ್ಲಿ ಬಳಕೆಗೆ ಬಂದು ಸರ್ಕಾರಿ ಕಚೇರಿಗಳಲ್ಲಿಯೂ ಡಿಟಿಪಿ ಕೇಂದ್ರಗಳಲ್ಲಿಯೂ ನೆಲೆಯೂರಿತು. 2001ರ ವಿಂಡೋಸ್ ಎಕ್ಸ್‌ಪಿ ಜೊತೆಗೆ ‘ತುಂಗಾ’ ಫಾಂಟ್ ದೊರೆಯಿತು. ಚಿಕ್ಕಮಗಳೂರು ಜಿಲ್ಲೆಯಲ್ಲಿ ಹುಟ್ಟುವ ನದಿಯ ಹೆಸರೇ ಇರುವ ಈ ಫಾಂಟ್ ಆರ್.ಕೆ. ಜೋಷಿ ಅವರ ನಿರ್ದೇಶನದಲ್ಲಿ ರೂಪುಗೊಂಡದ್ದು. 2012ರ ವಿಂಡೋಸ್ 8ರಲ್ಲಿ ‘ನಿರ್ಮಲಾ ಯುಐ’ ಬಂತು. ಲಿನಕ್ಸ್ ಬಳಸುವವರಲ್ಲಿ ‘ಕೇದಗೆ’, ‘ಮಲ್ಲಿಗೆ’, ‘ಲೋಹಿತ್ ಕನ್ನಡ’, ನಂತರದಲ್ಲಿ ಅರವಿಂದ ವಿ.ಕೆ. ಅವರ ‘ಗುಬ್ಬಿ’ ಮತ್ತು ‘ನವಿಲು’ ಚಾಲ್ತಿಗೆ ಬಂದವು. ಮುಂದಿನ ವರ್ಷಗಳಲ್ಲಿ ಮುಂಬೈನ ಏಕ್ ಟೈಪ್ ಸಂಸ್ಥೆಯ ‘ಬಲೂ ತಮ್ಮ’ ಮತ್ತು ‘ಅನೇಕ್ ಕನ್ನಡ’, ಎರಿನ್ ಮೆಕ್‌ಲಾಫ್ಲಿನ್ ಅವರ ‘ಹುಬ್ಬಳ್ಳಿ’, ‘ಬೆಣ್ಣೆ’ ಮುಂತಾದ ಮುಕ್ತ ಫಾಂಟ್‌ಗಳು ಗೂಗಲ್ ಫಾಂಟ್ಸ್ ಸಂಗ್ರಹ ಸೇರಿದವು. 2000ರ ಸುಮಾರಿನ ಲಾಂಛನದಲ್ಲಿ ‘ಬಲೂ ತಮ್ಮ’ನನ್ನು ಹುಡುಕುವುದು ವ್ಯರ್ಥ ಶ್ರಮ.

ಹಳೆಯ ವಿನ್ಯಾಸ ಕಡತವೇ ಸಿಕ್ಕಿ, ತೆರೆದಾಗ ಕನ್ನಡದ ಬದಲು ಲ್ಯಾಟಿನ್ ಅಕ್ಷರ ಮತ್ತು ಚಿಹ್ನೆಗಳ ಗೋಜಲು ಕಂಡರೆ ನಿರಾಶರಾಗಬೇಕಿಲ್ಲ. ಅದು ಯುನಿಕೋಡ್ ಪೂರ್ವದ ಪದ್ಧತಿಯ ಕುರುಹು. ನುಡಿಯ ಹಳೆಯ ಪದ್ಧತಿಯಲ್ಲಿ ಕನ್ನಡ ಅಕ್ಷರದ ಬಿಡಿಭಾಗಗಳನ್ನು ಲ್ಯಾಟಿನ್ ಅಕ್ಷರಗಳ ಸ್ಥಾನದಲ್ಲಿ ಇರಿಸಲಾಗಿತ್ತು. ‘ಕ’ದ ಒಡಲಿಗೆ ಒಂದು ಸಂಕೇತ, ತಲೆಕಟ್ಟಿಗೆ ಇನ್ನೊಂದು. ‘ಕನ್ನಡ’ ಎಂಬ ಪದ ಯುನಿಕೋಡ್‌ನಲ್ಲಿ ಐದು ಸಂಕೇತವಾದರೆ ಅಲ್ಲಿ ಏಳು. ಫಾಂಟ್ ಇಲ್ಲದ ಗಣಕದಲ್ಲಿ ಇದು ಅರ್ಥಹೀನ ಸಾಲಾಗಿ ಕಾಣುತ್ತದೆ. ಆದರೆ ಕಡತದೊಳಗೆ ಫಾಂಟ್‌ನ ಹೆಸರು ಸಾಮಾನ್ಯವಾಗಿ ಉಳಿದಿರುತ್ತದೆ. ಆ ಫಾಂಟ್ ಅಳವಡಿಸಿದರೆ ಗೋಜಲು ಮತ್ತೆ ಕನ್ನಡವಾಗುತ್ತದೆ.

ಜೋಡಣೆ, ಹೋಲಿಕೆ, ಗೆರೆಯಾಗಿ ಪರಿವರ್ತನೆ

ಫಾಂಟ್ ಗುರುತಿಸಿದ ಮೇಲಿನ ಕೆಲಸ ತಾಳ್ಮೆಯದು. ಹಳೆಯ ಚಿತ್ರವನ್ನು ಮಸುಕಾಗಿಸಿ ಕೆಳಪದರದಲ್ಲಿ ಇರಿಸಬೇಕು. ಅದರ ಮೇಲೆ ಹೆಸರನ್ನು ಗುರುತಿಸಿದ ಫಾಂಟ್‌ನಲ್ಲಿ ಬರೆದು, ಎತ್ತರ ಹೊಂದುವವರೆಗೆ ಹಿಗ್ಗಿಸಬೇಕು. ಎತ್ತರ ಹೊಂದಿಯೂ ಅಗಲ ಹೊಂದದಿದ್ದರೆ ಎರಡು ಸಾಧ್ಯತೆ: ಫಾಂಟ್ ಬೇರೆ, ಅಥವಾ ಮೂಲ ವಿನ್ಯಾಸಕಾರರು ಅಕ್ಷರಗಳ ನಡುವಿನ ಅಂತರವನ್ನು ತಿದ್ದಿದ್ದಾರೆ. ಅಕ್ಷರಗಳು ಒಂದೊಂದಾಗಿ ಹೊಂದಿ, ಅಂತರ ಮಾತ್ರ ವ್ಯತ್ಯಾಸವಾದರೆ ಎರಡನೆಯದೇ ನಿಜ. ಯಾವುದೋ ಒಂದೇ ಅಕ್ಷರ ಹೊಂದದಿದ್ದರೆ ಅದನ್ನು ಕೈಯಿಂದ ಬದಲಿಸಿರುವ ಸಂಭವವಿದೆ. ವಿಕಿಪೀಡಿಯದ ಡಬ್ಲ್ಯು ಹೊಸ ಫಾಂಟ್‌ಗೆ ಬಂದಂತೆ ಆ ಒಂದನ್ನು ಪ್ರತ್ಯೇಕವಾಗಿ ರಚಿಸಬೇಕಾಗುತ್ತದೆ.

ಎಲ್ಲವೂ ಹೊಂದಿದ ಬಳಿಕ ಅಕ್ಷರಗಳನ್ನು ಗೆರೆಗಳಾಗಿ ಪರಿವರ್ತಿಸಬೇಕು. ಇದನ್ನು ಮಾಡದಿದ್ದರೆ, ಅದೇ ಫಾಂಟ್ ಇಲ್ಲದ ಗಣಕದಲ್ಲಿ ಬೇರೊಂದು ಫಾಂಟ್ ಬಂದು ಕೂರುತ್ತದೆ. ಲಾಂಛನ ಲಾಂಛನವಾಗಿ ಉಳಿಯುವುದಿಲ್ಲ. ಪರಿವರ್ತಿಸಿದ ಮೇಲೆ ಒತ್ತು ಬಿಡಿಯಾಗಿ ಸರಿದಿಲ್ಲವೇ, ಅಕ್ಷರದ ಒಳಗಿನ ಖಾಲಿ ಜಾಗ ತುಂಬಿಕೊಂಡಿಲ್ಲವೇ ಎಂದು ಕನ್ನಡ ಓದಬಲ್ಲವರು ದೊಡ್ಡ ಗಾತ್ರದಲ್ಲಿ ಒಮ್ಮೆ, ಸಣ್ಣ ಗಾತ್ರದಲ್ಲಿ ಒಮ್ಮೆ ಪರಿಶೀಲಿಸಬೇಕು.

ಎಷ್ಟು ಹುಡುಕಿದರೂ ಫಾಂಟ್ ಸಿಗದಿರುವುದೂ ಉಂಟು. ಬಹಳಷ್ಟು ಹಳೆಯ ಕನ್ನಡ ಲಾಂಛನಗಳ ಹೆಸರನ್ನು ಕಲಾವಿದರು ಕುಂಚದಿಂದ ಬರೆದಿದ್ದರು. ಒಂದೇ ಹೆಸರಿನಲ್ಲಿ ಒಂದೇ ಅಕ್ಷರ ಎರಡು ಬಾರಿ ಬಂದು, ಎರಡೂ ರೂಪ ಕೊಂಚ ಬೇರೆಯಾಗಿದ್ದರೆ ಅದು ಕೈಬರಹ ಎಂಬುದಕ್ಕೆ ಉತ್ತಮ ಸಾಕ್ಷ್ಯ. ಅಂತಹ ಸಂದರ್ಭದಲ್ಲಿ ಹತ್ತಿರದ ಫಾಂಟ್ ತುರುಕುವ ಬದಲು, ಸಿಗುವಷ್ಟು ದೊಡ್ಡ ಮುದ್ರಿತ ಪ್ರತಿಯನ್ನು ಸ್ಕ್ಯಾನ್ ಮಾಡಿ ಗೆರೆಗಳನ್ನು ಕೈಯಿಂದಲೇ ಎಳೆಯುವುದು ಮೂಲಕ್ಕೆ ನ್ಯಾಯ ಒದಗಿಸುತ್ತದೆ.

ಹಕ್ಕಿನ ಪ್ರಶ್ನೆ

ಉಚಿತವಾಗಿ ದೊರೆಯುವುದು ಬೇರೆ, ಮುಕ್ತ ಪರವಾನಗಿ ಇರುವುದು ಬೇರೆ. ವಿಂಡೋಸ್ ಜೊತೆ ಬಂದ ಫಾಂಟ್ ಗಣಕದಲ್ಲಿ ಇದೆ ಎಂದ ಮಾತ್ರಕ್ಕೆ ಅದರ ಕಡತವನ್ನು ಇತರರಿಗೆ ಹಂಚುವಂತಿಲ್ಲ. ಎಸ್‌ಐಎಲ್ ಸಂಸ್ಥೆಯ ಮುಕ್ತ ಫಾಂಟ್ ಪರವಾನಗಿ ಪಡೆದ ಫಾಂಟ್‌ಗಳನ್ನು ಬಳಸಬಹುದು, ಹಂಚಬಹುದು, ನಿಬಂಧನೆಗಳಿಗೆ ಒಳಪಟ್ಟು ತಿದ್ದಲೂಬಹುದು. ತಂತ್ರಾಂಶ ಯೋಜನೆಗಳು ಅಂತಹ ಫಾಂಟ್‌ಗಳಿಗೆ ಆದ್ಯತೆ ನೀಡುವುದು ಇದೇ ಕಾರಣದಿಂದ.

ಲಾಂಛನದ ಹಕ್ಕು ಮತ್ತೊಂದು ವಿಷಯ. ವಿಕಿಮೀಡಿಯ ಪ್ರತಿಷ್ಠಾನ ತನ್ನ ಲಾಂಛನಗಳನ್ನು 2014ರಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ತಂದಿತಾದರೂ ಟ್ರೇಡ್‌ಮಾರ್ಕ್ ಹಕ್ಕನ್ನು ಉಳಿಸಿಕೊಂಡಿದೆ. ಗೆರೆಗಳನ್ನು ಮತ್ತೆ ಎಳೆದವರಿಗೆ ಲಾಂಛನದ ಒಡೆತನ ಬರುವುದಿಲ್ಲ. ಯೋಜನೆಯ ಒಪ್ಪಿಗೆ ಪಡೆದು, ಸಿದ್ಧಪಡಿಸಿದ ಕಡತವನ್ನು ಆ ಯೋಜನೆಗೇ ಒಪ್ಪಿಸುವುದು ಉಚಿತ ಕ್ರಮ.

ಈ ಶ್ರಮ ಮುಂದಿನವರಿಗೆ ಮರುಕಳಿಸದಂತೆ ಮಾಡುವುದು ಸುಲಭ. ಗೆರೆಯಾಗಿ ಪರಿವರ್ತಿಸಿದ ಕಡತದ ಜೊತೆಗೆ ಪರಿವರ್ತಿಸುವ ಮುನ್ನಿನ ಕಡತ, ಫಾಂಟ್‌ನ ಹೆಸರು ಮತ್ತು ಆವೃತ್ತಿ, ಬಣ್ಣಗಳ ಸಂಖ್ಯೆ, ಕೈಯಿಂದ ತಿದ್ದಿದ ಅಕ್ಷರ ಯಾವುದು ಎಂಬ ನಾಲ್ಕು ವಿವರಗಳನ್ನು ಬರೆದಿಟ್ಟರೆ ಸಾಕು. ತಾಲ್ಲೂಕು ಮಟ್ಟದ ಸಹಕಾರ ಸಂಘ, ಶಾಲೆ, ಯುವಕ ಸಂಘಗಳಿಗೂ ಈ ಮಾತು ಅನ್ವಯ. ಇಂದು ಫ್ಲೆಕ್ಸ್ ಅಂಗಡಿಯ ಗಣಕದಲ್ಲಿ ಮಾತ್ರ ಇರುವ ಲಾಂಛನವು ಆ ಗಣಕ ಕೆಟ್ಟ ದಿನ ಇಲ್ಲವಾಗುತ್ತದೆ. ಮೂಲ ಕಡತದ ಒಂದು ಪ್ರತಿಯನ್ನು ಈಗಲೇ ಕೇಳಿ ಪಡೆದು ಸಂಸ್ಥೆಯ ದಾಖಲೆಗಳ ಜೊತೆ ಇರಿಸುವುದು ಒಳಿತು.